ಯೋರಿಸ್ ಇರುವ ಊರು

ಬುಧವಾರ, ಮಾರ್ಚ್ ೫

ಯೋರಿಸ್‌ನ ಹೆಂಡತಿ ಸಂಜೆ ಬಂದಿದ್ದಳು. ಕೋಟು ಬಿಚ್ಚಲಿಲ್ಲ. ಅಡುಗೆಮನೆಯ ಬಾಗಿಲಲ್ಲೇ ನಿಂತು, "ಶುಕ್ರವಾರ ಗೆಂಟ್‌ಗೆ ಹೋಗ್ತಿದೀನಿ ಅತ್ತೆ. ನೀವು ಬರ್ತೀರಾ, ಇಲ್ವಾ?" ಎಂದಳು. ಕರೆದ ಹಾಗೂ ಇರಲಿಲ್ಲ, ಬೇಡವೆಂದ ಹಾಗೂ ಇರಲಿಲ್ಲ.

ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಒಬ್ಬ ಲಾರಿ ಚಾಲಕ ಬಂದಿದ್ದನಂತೆ. ಹಿಂದೆ ಯೋರಿಸ್ ಜೊತೆ ಛಾವಣಿ ಹೊದಿಸುವ ಕೆಲಸದಲ್ಲಿದ್ದವನು. ಅವನು ಗೆಂಟ್‌ನಲ್ಲಿ, ಕಾಲುವೆಯ ಸೇತುವೆಯೊಂದರ ಮೇಲೆ ಯೋರಿಸ್‌ನನ್ನು ನೋಡಿದನಂತೆ. ಗಡ್ಡ ಬಿಟ್ಟಿದ್ದನಂತೆ. ಕೂಗಿದರೆ ತಿರುಗಲಿಲ್ಲವಂತೆ. ಇಷ್ಟೇ ಸುದ್ದಿ. ಇದಕ್ಕೆ ಮೊದಲು ಲಿಯೆಜ್, ಅದಕ್ಕೂ ಮೊದಲು ಒಸ್ಟೆಂಡ್‌ನ ಸಮುದ್ರದಂಡೆ. ಅಲ್ಲೂ ಹೀಗೆಯೇ ಯಾರೋ ಯಾರನ್ನೋ ನೋಡಿದ್ದರು.

ಹೋದ ವರ್ಷ ಜನವರಿಯಲ್ಲಿ ನನ್ನ ಮಗ ಬೆಳಿಗ್ಗೆ ಕೆಲಸಕ್ಕೆಂದು ಹೊರಟ. ಫೋನು ಅವರ ಮನೆಯ ಮೇಜಿನ ಮೇಲೇ ಇತ್ತು. ಮರೆತಿದ್ದಾನೆ ಅಂದುಕೊಂಡಳಂತೆ ಇವಳು. ಸಂಜೆಯವರೆಗೂ ಹಾಗೇ ಅಂದುಕೊಂಡಳಂತೆ. ನಾನಾಗಿದ್ದರೆ ಬಾಗಿಲು ದಾಟುವ ಮೊದಲೇ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ. ಪೊಲೀಸರು, ಬೆಳೆದ ಗಂಡಸು ತಾನಾಗಿ ಹೋಗಿದ್ದಾನೆ, ಸಿಕ್ಕರೂ ಅವನು ಒಪ್ಪದೆ ವಿಳಾಸ ಹೇಳುವ ಹಾಗಿಲ್ಲ ಎಂದರು.

ಬರುತ್ತೇನೆ ಅಂದೆ. ಬರುವುದಿಲ್ಲ ಅಂದರೆ ಅವಳೊಬ್ಬಳೇ ಹೋಗುತ್ತಾಳೆ. ಆಮೇಲೆ ನಮ್ಮ ಟೊಂಗೆರೆನ್‌ನ ಪ್ರತಿ ಅಂಗಡಿಯಲ್ಲೂ ಹೇಳಿಕೊಂಡು ಬರುತ್ತಾಳೆ, ಹೆತ್ತವಳಿಗೇ ಬೇಡವಾಗಿದೆ ಎಂದು.

ಶುಕ್ರವಾರ, ಮಾರ್ಚ್ ೭

ರೈಲಿನಲ್ಲಿ ಬ್ರಸೆಲ್ಸ್ ದಾಟುವ ತನಕ ಅವಳು ಮಾತಾಡಲಿಲ್ಲ, ನಾನೂ ಆಡಲಿಲ್ಲ. ವಾರಾಂತ್ಯದ ಅಗ್ಗದ ಟಿಕೆಟಿನ ಜನ ಡಬ್ಬಿ ತುಂಬ ಇದ್ದರು. ಎದುರಿಗೆ ಕೂತಿದ್ದ ಹುಡುಗ ಹುಡುಗಿ ಒಂದೇ ಸೇಬನ್ನು ಆ ಕಡೆ ಈ ಕಡೆ ಕಚ್ಚುತ್ತಿದ್ದರು. ಯೋರಿಸ್‌ನ ಹೆಂಡತಿ ಕಿಟಕಿಯ ಕಡೆ ತಿರುಗಿಕೊಂಡಳು. ಹೊರಗೆ ಕತ್ತಲೆ, ನೋಡಲು ಅವಳದೇ ಮುಖ.

ಇಳಿದುಕೊಂಡದ್ದು ಎಲ್ಲಕ್ಕಿಂತ ಅಗ್ಗದ ಹಾಸ್ಟೆಲ್. ಒಂದೇ ಕೋಣೆಯಲ್ಲಿ ಒಂದರ ಮೇಲೊಂದು ಮಂಚಗಳು. ಸ್ಪೇನಿನ ನಾಲ್ಕು ಹುಡುಗಿಯರು ಆಗಲೇ ಸೇರಿಕೊಂಡಿದ್ದಾರೆ. ಇಡೀ ಕೋಣೆ ಉಗುರುಬಣ್ಣದ ವಾಸನೆ ಹೊಡೆಯುತ್ತಿದೆ.

"ಮೇಲಿನ ಮಂಚ ನನಗೆ," ಎಂದಳು ಅವಳು.

"ಮತ್ತೆ? ಈ ಮಂಡಿ ಇಟ್ಕೊಂಡು ನಾನು ಹತ್ತಲಾ?"

"ನಿಮಗೆ ಒಳ್ಳೇದಾಗಲಿ ಅಂತ ಹೇಳಿದ್ರೂ ಜಗಳ."

ಹಾಸ್ಟೆಲ್ಲಿನ ಬಾಗಿಲ ಬಳಿಯ ಮೇಜಿನಲ್ಲಿದ್ದ ಹುಡುಗಿ ನಮಗೆ ಊರಿನ ನಕ್ಷೆ ಕೊಟ್ಟಳು. "ಸುತ್ತಾಡೋಕೆ ಬಂದ್ರಾ? ನಮ್ಮೂರನ್ನ ನಡೆದೇ ನೋಡ್ಬೇಕು. ಈ ಕೆಂಪು ಗೆರೆ ಹಿಡಿದು ಹೋಗಿ, ಎಲ್ಲ ಸೇತುವೆ ಸಿಗತ್ತೆ, ಒಂದು ಕಾಸೂ ಖರ್ಚಿಲ್ಲ," ಎಂದಳು.

"ಹೌದು, ಸುತ್ತಾಡೋಕೆ," ಎಂದಳು ಯೋರಿಸ್‌ನ ಹೆಂಡತಿ. ನಕ್ಕಳು ಕೂಡ. ಅಷ್ಟು ಸಲೀಸಾಗಿ ಸುಳ್ಳು ಹೇಳುತ್ತಾಳೆ.

ಮೇಲಿನ ಮಂಚ ಕಿರ್ ಎನ್ನುತ್ತಿದೆ. ಅವಳಿಗೂ ನಿದ್ದೆ ಬಂದಿಲ್ಲ.

ಶನಿವಾರ, ಮಾರ್ಚ್ ೮

ಕಾಲು ಬಿದ್ದುಹೋಗಿದೆ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ಇದೆಲ್ಲ ತಲೆಯಲ್ಲೇ ಸುತ್ತುತ್ತದೆ.

ಕೆಂಪು ಗೆರೆ ಹಿಡಿದೇ ಹೋದೆವು, ಅದು ಎಲ್ಲ ಸೇತುವೆಗಳನ್ನೂ ದಾಟುತ್ತದೆ ಎಂಬ ಕಾರಣಕ್ಕೆ. ಬೇರೆಯವರು ಗೋಪುರ ನೋಡಲು ತಲೆ ಎತ್ತುತ್ತಿದ್ದರು. ನಾವು ಬೆಂಚಿನ ಮೇಲೆ ಮಲಗಿದವರನ್ನು ಬಗ್ಗಿ ನೋಡುತ್ತಿದ್ದೆವು. ಮಳೆ ಬಂತು, ನಿಂತಿತು, ಮತ್ತೆ ಬಂತು. ಒಂದೇ ಕೊಡೆ. ಅವಳು ನನ್ನ ಕಡೆಗೆ ಹಿಡಿದಳು, ಬೇಡ ಎಂದೆ. ಅವಳೂ ಮುಚ್ಚಿಬಿಟ್ಟಳು. ಇಬ್ಬರೂ ನೆನೆದೆವು.

ಯೋರಿಸ್‌ನ ಫೋಟೋ ಹೂವಿನವಳಿಗೆ ತೋರಿಸಿದೆವು, ಬೀದಿ ಗುಡಿಸುವವರಿಗೆ ತೋರಿಸಿದೆವು, ಚರ್ಚಿನ ಹಿಂದೆ ಬಿಯರ್ ಡಬ್ಬಿ ಹಿಡಿದು ಕೂತವರಿಗೆ ತೋರಿಸಿದೆವು. ಅವರಲ್ಲೊಬ್ಬ, ಹಲ್ಲಿಲ್ಲದವನು, ಫೋಟೋವನ್ನು ದೂರ ಹಿಡಿದು ಹತ್ತಿರ ಹಿಡಿದು ನೋಡಿ, "ಇವನ ಥರದವರು ಇಲ್ಲಿ ಬೇಕಾದಷ್ಟಿದಾರೆ ತಾಯಿ. ಯಾರು ಬೇಕೋ ಆರಿಸ್ಕೊಂಡು ಹೋಗಿ. ನಾನೂ ಖಾಲಿ ಇದೀನಿ," ಎಂದ. ಅವರೆಲ್ಲ ನಕ್ಕರು. ಇವಳೂ ನಕ್ಕಳು. ನನಗೆ ಮೈ ಉರಿಯಿತು.

"ನಗು ಬರತ್ತಾ ನಿನಗೆ?"

"ಅತ್ತತ್ತು ಸಾಕಾಗಿದೆ ಅತ್ತೆ."

ಆಮೇಲೆ ಫೋಟೋದ ಮೇಲೆ ಜಗಳ. ಅವಳದು ಮದುವೆಯ ದಿನದ್ದು. "ಅದರಲ್ಲಿ ಅವನು ನಗ್ತಿದಾನೆ. ಯಾರಿಗೆ ಗುರುತು ಸಿಗತ್ತೆ?" ಅಂದೆ. "ನಿಮ್ಮ ಫೋಟೋದಲ್ಲಿ ಅವನಿಗೆ ಇನ್ನೂ ಮೀಸೆಯೇ ಬಂದಿಲ್ಲ," ಅಂದಳು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಿಜಕ್ಕೂ ಇಬ್ಬರು ಬೇರೆ ಬೇರೆ ಮನುಷ್ಯರು. ಹೋದವನು ಮೂರನೆಯವನು. ಅವನ ಫೋಟೋ ನಮ್ಮಿಬ್ಬರ ಹತ್ತಿರವೂ ಇಲ್ಲ.

ಮಧ್ಯಾಹ್ನ ದೊಡ್ಡ ಸೇತುವೆಯ ಕಟ್ಟೆಯ ಮೇಲೆ ಕೂತು ಮನೆಯಿಂದ ತಂದ ಬ್ರೆಡ್ಡು ತಿಂದೆವು. ಕೆಳಗೆ ಪ್ರವಾಸಿಗಳ ದೋಣಿಗಳು ತುಂಬಿಕೊಂಡು ಹೋಗುತ್ತಿದ್ದವು. ಅಷ್ಟರಲ್ಲಿ ಅವಳು ಹೇಳಿದಳು:

"ಅತ್ತೆ, ಒಂದು ಮಾತು. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗೋದು ಬೇಡ."

"ಹೇಳು."

"ಅಂಗಡಿಗೆ ಗಾಜು ತಂದುಕೊಡೋ ಕೂನ್ ಇದಾನಲ್ಲ, ಲ್ಯೂವೆನ್‌ನವನು. ಊಟಕ್ಕೆ ಹೋಗೋಣ ಅಂತ ಕರೆದ."

"ಹೋದ್ಯಾ?"

"ಇಲ್ಲ."

"ಮತ್ತೆ ನನಗ್ಯಾಕೆ ಹೇಳ್ತೀಯ?"

"ಹೋಗ್ಬೇಕು ಅನ್ನಿಸ್ತು. ಅದಕ್ಕೆ."

ಬ್ರೆಡ್ಡು ಕೆಳಗಿಟ್ಟೆ. "ಗಂಡ ಬದುಕಿದಾನೋ ಇಲ್ವೋ ಗೊತ್ತಿಲ್ಲ, ಇವಳಿಗೆ ಊಟ ಬೇಕಂತೆ, ಊಟ!" ಅಂದೆ. ಪಕ್ಕದವರು ತಿರುಗಿ ನೋಡಿದರು.

"ಅದೇ ಅತ್ತೆ, ಗೊತ್ತಿಲ್ಲ. ಸತ್ತಿದ್ರೆ ಅಳ್ತಿದ್ದೆ. ಬಿಟ್ಟು ಹೋದ ಅಂತ ಗೊತ್ತಾಗಿದ್ರೆ ಬೈತಿದ್ದೆ. ನಾನೀಗ ಯಾರು? ಅವನ ಹಲ್ಲುಜ್ಜೋ ಬ್ರಷ್ಷು ಇನ್ನೂ ಲೋಟದಲ್ಲಿದೆ. ಎಸೀಲಾ, ಇಟ್ಕೊಳ್ಳಲಾ? ನೀವೇ ಹೇಳಿ."

"ಮನೇಲಿದ್ದಾಗ ಅವನ ಹತ್ರ ನಾಲ್ಕು ಮಾತಾಡಿದ್ರೆ ಇದೆಲ್ಲ ಆಗ್ತಿರಲಿಲ್ಲ."

"ನಾನು ಮಾತಾಡಿದೆ. ತಿರುಗಿ ಮಾತಾಡೋದನ್ನ ಅವನಿಗೆ ಯಾರು ಕಲಿಸಬೇಕಿತ್ತು?"

ಇದಕ್ಕೆ ನಾನು ಏನಾದರೂ ಹೇಳುತ್ತಿದ್ದೆ. ಅಷ್ಟರಲ್ಲಿ ವಯಸ್ಸಾದ ಜರ್ಮನ್ ದಂಪತಿ ಬಂದು, ನಮ್ಮ ಫೋಟೋ ತೆಗೀತೀರಾ ಎಂದು ಅವಳ ಕೈಗೆ ಫೋನು ಕೊಟ್ಟರು. ತೆಗೆದಳು. ಈಗ ನಿಮ್ಮದು ತೆಗೀತೀವಿ ಎಂದು ಹಟ ಹಿಡಿದರು. ಬೇಡವೆಂದರೂ ಬಿಡದೆ ನಮ್ಮಿಬ್ಬರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದರು.

"ತಾಯಿ ಮಗಳಾ?" ಎಂದು ಆ ಹೆಂಗಸು ಕೇಳಿದಳು.

"ಅಲ್ಲ," ಎಂದೆವು ಇಬ್ಬರೂ ಒಟ್ಟಿಗೇ.

ಸಂಜೆ ಅವಳು ಕಾಗದದ ಕೋನಿನಲ್ಲಿ ಕರಿದ ಆಲೂಗಡ್ಡೆ ತಂದು ನನ್ನ ಮುಂದೆ ಹಿಡಿದಳು. ನಾನು ತಿಂದೆ. ಹಸಿದಿದ್ದೆ.

ಭಾನುವಾರ, ಮಾರ್ಚ್ ೯, ರೈಲಿನಲ್ಲಿ

ಎಲ್ಕೆ, ನನ್ನ ಸೊಸೆ, ಎದುರಿಗೆ ನಿದ್ದೆ ಮಾಡುತ್ತಿದ್ದಾಳೆ. ಬಾಯಿ ಸ್ವಲ್ಪ ತೆರೆದಿದೆ. ಎಚ್ಚರವಾಗುವ ಮೊದಲು ಬರೆದುಬಿಡಬೇಕು.

ಬೆಳಿಗ್ಗೆ ಮಂಡಿ ಊದಿಕೊಂಡಿತ್ತು, ಬಗ್ಗಲು ಆಗುತ್ತಿರಲಿಲ್ಲ. ನಾನು ಕೇಳಲೂ ಇಲ್ಲ, ಅವಳು ಕೆಳಗೆ ಕೂತು ನನ್ನ ಶೂಗಳ ದಾರ ಕಟ್ಟಿದಳು. ಮನೆಯಿಲ್ಲದವರಿಗೆ ಭಾನುವಾರ ತಿಂಡಿ ಕೊಡುವ ಒಂದು ಜಾಗ ಸ್ಟೇಷನ್ ಕಡೆ ಇದೆಯಂತೆ. "ನಾನು ಹೋಗಿ ಕೇಳ್ಕೊಂಡು ಬರ್ತೀನಿ. ನೀವು ಇಲ್ಲಿಂದ ಅಲ್ಲಾಡಬೇಡಿ," ಎಂದು ದೋಣಿಕಟ್ಟೆಯ ಬೆಂಚಿನ ಮೇಲೆ ನನ್ನನ್ನು ಕೂರಿಸಿ ಹೋದಳು.

ದೋಣಿಗಳು ಇನ್ನೂ ಹೊರಟಿರಲಿಲ್ಲ. ರಾತ್ರಿಯ ಮಳೆಗೆ ಅವುಗಳ ಒಳಗೆ ನೀರು ನಿಂತಿತ್ತು. ಒಬ್ಬ ಬಕೆಟ್ಟಿನಲ್ಲಿ ಅದನ್ನು ಎತ್ತಿ ಎತ್ತಿ ಕಾಲುವೆಗೆ ಸುರಿಯುತ್ತಿದ್ದ. ಬೆನ್ನು ನನ್ನ ಕಡೆಗಿತ್ತು. ಬಗ್ಗಿ ಎದ್ದವನು ಎಡಗೈಯನ್ನು ಸೊಂಟದ ಮೇಲಿಟ್ಟುಕೊಂಡು ಒಂದು ಗಳಿಗೆ ನಿಂತ. ಥೆಯೋ, ಎಂದು ಬಾಯಿಗೆ ಬಂತು. ನನ್ನ ಗಂಡ ತೀರಿಹೋಗಿ ಎಷ್ಟೋ ವರ್ಷವಾಯಿತು, ಆದರೂ ಮೊದಲು ಬಂದದ್ದು ಆ ಹೆಸರು. ಆಮೇಲೆ, "ಯೋರಿಸ್," ಅಂದೆ. ಕೂಗಲಿಲ್ಲ. ಊಟಕ್ಕೆ ಕರೆಯುವ ದನಿಯಲ್ಲಿ ಕರೆದೆ.

ಅವನು ತಿರುಗಿದ. ಬಕೆಟ್ಟು ಕೆಳಗಿಟ್ಟ.

"ಅಮ್ಮಾ."

"ಹೂಂ."

ಮೆಟ್ಟಿಲು ಹತ್ತಿ ಬಂದು ಬೆಂಚಿನ ಮೇಲೆ ಕೂತ. ಹತ್ತಿರ ಕೂರಲಿಲ್ಲ, ನಡುವೆ ಇನ್ನೊಬ್ಬರಿಗೆ ಜಾಗವಿತ್ತು. ಕೈ ಕೆಂಪಗೆ ಒಡೆದಿತ್ತು. ಗಡ್ಡದಲ್ಲಿ ಒಂದು ಕಡೆ ನರೆ. ನನ್ನ ಮಗನಿಗೆ ನರೆ ಬಂದಿದೆ. ಇಷ್ಟು ತಿಂಗಳು ಕೇಳಬೇಕೆಂದು ಇಟ್ಟುಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. ಬಾಯಿಂದ ಬಂದದ್ದು, "ಊಟ ಸರಿಯಾಗಿ ಮಾಡ್ತೀಯಾ?"

"ಮಾಡ್ತೀನಮ್ಮ. ದೋಣಿಯವರು ಕೊಡ್ತಾರೆ."

"ಮಲಗೋದು?"

"ಹಿಂದುಗಡೆ ಒಂದು ಶೆಡ್ಡಿದೆ. ಬೆಚ್ಚಗಿರತ್ತೆ."

"ಎಲ್ಕೆ ಏನಾದ್ರೂ ಅಂದ್ಲಾ? ನಿಜ ಹೇಳು. ಏನಾದ್ರೂ ಮಾಡಿದ್ಲಾ?"

"ಇಲ್ಲ. ಯಾರೂ ಏನೂ ಮಾಡಿಲ್ಲ."

"ಮತ್ತೆ ಯಾಕೋ?"

"ಗೊತ್ತಿದ್ರೆ ಹೇಳ್ತಿದ್ದೆ ಅಮ್ಮ. ಅವತ್ತು ಬೆಳಿಗ್ಗೆ ಕೆಲಸದ ವ್ಯಾನಿನ ಹತ್ರ ಹೋದೆ. ಹತ್ತೋಕೆ ಆಗ್ಲಿಲ್ಲ. ಸುಮ್ನೆ ನಡೆದೆ. ನಡೀತಾ ನಡೀತಾ ಉಸಿರಾಡೋಕೆ ಬಂತು. ವಾಪಸ್ ಬಂದ್ರೆ ಮತ್ತೆ ಕಟ್ಕೊಳ್ಳತ್ತೆ ಅನ್ನಿಸ್ತು. ಇಲ್ಲಿ ಯಾರೂ ನನ್ನ ಏನೂ ಕೇಳಲ್ಲ."

ನಾನು ಕೇಳುತ್ತಿದ್ದೆನಲ್ಲ ಎಂದು ಹೊಳೆದು ಬಾಯಿ ಮುಚ್ಚಿಕೊಂಡೆ. ಆಮೇಲೆ ಹೇಳಲೇಬೇಕಾಯಿತು, "ಎಲ್ಕೆನೂ ಬಂದಿದಾಳೆ. ಇನ್ನೇನು ಬರ್ತಾಳೆ."

ತಟ್ಟನೆ ಎದ್ದು ನಿಂತ. ಬೀದಿಯ ಎರಡೂ ಕಡೆ ನೋಡಿದ. ಅಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ.

"ಅವಳ ಮುಂದೆ ನಿಲ್ಲೋಕೆ ನನ್ನಿಂದಾಗಲ್ಲ."

"ಅವಳಿಗೆ ಏನಂತ ಹೇಳಲಿ?"

"ಏನಾದ್ರೂ ಹೇಳು. ನಿನಗೆ ಬಿಟ್ಟಿದ್ದು."

"ಇನ್ನೊಂದ್ಸಲ ಬರ್ತೀನಿ. ನಾನೊಬ್ಬಳೇ ಬರ್ತೀನಿ, ಯಾರಿಗೂ ಹೇಳಲ್ಲ."

"ಬೇಡಮ್ಮ. ಬಂದ್ರೆ ನಾನು ಈ ಊರನ್ನೂ ಬಿಡ್ಬೇಕಾಗತ್ತೆ. ಬರದೇ ಇದ್ರೆ ಇಲ್ಲೇ ಇರ್ತೀನಿ. ಎಲ್ಲಿದೀನಿ ಅಂತ ಗೊತ್ತಾಯ್ತಲ್ಲ, ಸಾಕಲ್ವಾ ನಿನಗೆ?"

ಸಾಕು ಅಂದೆ.

ಬಗ್ಗಿ ನನ್ನ ಮಂಡಿಯ ಮೇಲೆ ಕೈಯಿಟ್ಟ. "ಊದಿದೆ," ಎಂದ. ಮೆಟ್ಟಿಲಿಳಿದು, ದೋಣಿಯಿಂದ ದೋಣಿಗೆ ದಾಟಿ, ಕೊನೆಯದರ ಆಚೆ ಮರೆಯಾದ. ತಿರುಗಿ ನೋಡಲಿಲ್ಲ. ಬಕೆಟ್ಟು ಅಲ್ಲೇ ಇತ್ತು.

ಎಲ್ಕೆ ಎರಡು ಕಾಗದದ ಲೋಟಗಳಲ್ಲಿ ಕಾಫಿ ಹಿಡಿದುಕೊಂಡು ಬಂದಳು. ಅಲ್ಲಿ ಯಾರೂ ಅವನನ್ನು ನೋಡಿಲ್ಲವಂತೆ. ಬೆಂಚಿನ ಮೇಲೆ, ಅವನು ಕೂತಿದ್ದ ಕಡೆಯೇ ಕೂತು, "ನಿಮ್ಮ ಮುಖ ಯಾಕೆ ಹೀಗಿದೆ ಅತ್ತೆ?" ಎಂದಳು.

"ಮಂಡಿ," ಅಂದೆ.

ಬುಧವಾರ, ಮಾರ್ಚ್ ೧೨

ಹೇಳಲಿಲ್ಲ. ಫೋನು ಮಾಡಿದ್ದಳು, ಮಂಡಿ ಹೇಗಿದೆ ಎಂದು ಕೇಳಿದಳು. ಹೇಳಲಿಲ್ಲ.

ಶನಿವಾರ, ಮಾರ್ಚ್ ೧೫

ಎಲ್ಕೆ ಮುಲಾಮು ತಂದಿದ್ದಳು. ನನ್ನ ಕನ್ನಡಕದ ಕಡ್ಡಿ ಸಡಿಲವಾಗಿತ್ತು, ಅದನ್ನೂ ಸರಿ ಮಾಡಿಕೊಟ್ಟಳು. ಮಾಂಸದುಂಡೆ ಹಾಕಿ ಟೊಮೆಟೊ ಸೂಪು ಮಾಡಿದ್ದೆ. ಎರಡು ಸಲ ಬಡಿಸಿಕೊಂಡಳು. ಒಬ್ಬಳೇ ಇದ್ದರೆ ಬರೀ ಬಿಸ್ಕತ್ತು ತಿಂದು ಮಲಗುತ್ತಾಳಂತೆ. ಚೆನ್ನಾಗಿ ಬೈದೆ.

ಈಸ್ಟರ್ ಆದ ಮೇಲೆ ಅಂಟ್‌ವೆರ್ಪ್‌ಗೆ ಹೋಗೋಣ ಎನ್ನುತ್ತಾಳೆ. ಅಲ್ಲಿ ಬಂದರಿನಲ್ಲಿ ಹೆಸರು ಕೇಳದೆ ಕೆಲಸ ಕೊಡುತ್ತಾರಂತೆ. ಯಾವ ರೈಲು, ಯಾವ ಹಾಸ್ಟೆಲ್ ಎಂದು ಇಬ್ಬರೂ ಕೂತು ನೋಡಿದೆವು. ಈ ಸಲ ಕೆಳಗಿನ ಮಂಚ ಎರಡು ಸಿಗುವ ಕಡೆ ನೋಡೋಣ ಅಂದಳು. ಹೂಂ, ಅಂದೆ. ಊಟದ ಡಬ್ಬಿಗೆ ಏನು ಮಾಡಲಿ ಎಂದೂ ಕೇಳಿದೆ. ಖುಷಿಯಾಗಿದ್ದೆ. ಬಹಳ ದಿನದ ಮೇಲೆ ರೇಡಿಯೋ ಹಾಕಿಕೊಂಡು ಪಾತ್ರೆ ತೊಳೆದೆ.

ಭಾನುವಾರ, ಮಾರ್ಚ್ ೨೩

ಹೇಳಿಬಿಟ್ಟೆ.

ಅಂಟ್‌ವೆರ್ಪ್‌ನ ನಕ್ಷೆ ಮೇಜಿನ ಮೇಲಿತ್ತು. ಅವಳ ಫೋನು ಬಡಿದುಕೊಂಡಿತು. ಕೂನ್ ಎಂಬ ಹೆಸರು ನನಗೂ ಕಂಡಿತು. ಅವಳು ಎತ್ತಲಿಲ್ಲ. ಫೋನನ್ನು ಬೋರಲು ಹಾಕಿ, ಬೆರಳಿನಿಂದ ನಕ್ಷೆಯ ಮೇಲೆ ಬಂದರು ಹುಡುಕತೊಡಗಿದಳು. ಅದು ಬಡಿದುಕೊಂಡು ಬಡಿದುಕೊಂಡು ನಿಂತಿತು. ಆಗಿನ ಅವಳ ಮುಖವನ್ನು ನಾನು ನೋಡಬಾರದಿತ್ತು.

ಸೂಪಿನ ಪಾತ್ರೆ ಒಲೆಯಿಂದ ಇಳಿಸಿದೆ. "ಯೋರಿಸ್ ಸಿಕ್ಕಿದ್ದ," ಅಂದೆ.

"ಎಲ್ಲಿ?"

"ಗೆಂಟ್‌ನಲ್ಲೇ. ನೀನು ಆ ತಿಂಡಿ ಕೊಡೋ ಕಡೆ ಹೋಗಿದ್ಯಲ್ಲ, ಆಗ. ದೋಣಿ ತೊಳೆಯೋ ಕೆಲಸ ಮಾಡ್ಕೊಂಡಿದಾನೆ."

ಅವಳು ಬೆರಳನ್ನು ನಕ್ಷೆಯ ಮೇಲಿಂದ ತೆಗೆಯಲಿಲ್ಲ.

"ಚೆನ್ನಾಗಿದಾನಾ?"

"ಇದಾನೆ."

"ಬರ್ತಾನಂತಾ?"

"ಬರಲ್ಲ."

"ಯಾಕಂತೆ?"

"ಅವನಿಗೇ ಗೊತ್ತಿಲ್ಲ. ನೀನು ಏನೂ ಮಾಡಿಲ್ಲ ಅಂದ. ಅದೊಂದು ಹೇಳಿದ."

"ಅದು ನೀವು ಕೇಳಿದ್ದಕ್ಕೆ ಹೇಳಿದ್ದು ಅಲ್ವಾ? ಅವನಾಗಿ ನನ್ನ ವಿಷಯ ಕೇಳಿದ್ನಾ?"

ಕೇಳಿದ, ಕಣ್ಣಲ್ಲಿ ನೀರು ಹಾಕಿಕೊಂಡ, ಸ್ವಲ್ಪ ದಿನ ಕಾಯಲಿ ಅಂದ. ಇಷ್ಟು ಹೇಳಿದ್ದರೆ ಸಾಕಿತ್ತು. ತಲೆ ಹಣ್ಣಾಗುವ ತನಕ ಕಾಯುತ್ತಿದ್ದಳು. ಪ್ರತಿ ವಾರ ಈ ಮೇಜಿಗೆ ಬಂದು ಕೂರುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಇಲ್ಲ ಕಣೇ," ಅಂದೆ. "ಕೇಳಲಿಲ್ಲ. ಒಂದ್ಸಲವೂ ಕೇಳಲಿಲ್ಲ. ನೀನು ಬಂದಿದೀಯ ಅಂದ್ರೆ ಓಡಿಹೋದ."

ಅಳಲಿಲ್ಲ. ಎದ್ದು ನಿಂತಳು, ಕೋಟಿನ ತೋಳು ಸಿಗದೆ ಒದ್ದಾಡಿದಳು. ಹಿಡಿಯಲು ಹೋದೆ, ಕೈ ಕೊಡವಿದಳು.

"ಇಷ್ಟು ದಿನ ಗೊತ್ತಿದ್ದೂ, ಅಂಟ್‌ವೆರ್ಪ್‌ಗೆ ಯಾವ ರೈಲು ಅಂತ ನನ್ನ ಜೊತೆ ಕೂತು ನೋಡ್ತಿದ್ರಾ?"

"ಹೂಂ."

"ಯಾಕತ್ತೆ?"

"ನೀನು ಬರ್ತಿದ್ದೆ. ಅದಕ್ಕೆ."

ಬಾಗಿಲು ಹಾಕಿಕೊಂಡು ಹೋದಳು. ಸೂಪು ಹಾಗೇ ಇದೆ.

ಸೋಮವಾರ, ಮಾರ್ಚ್ ೨೪

ಎಲ್ಕೆ ಫೋನು ಎತ್ತಲಿಲ್ಲ.

ಗುರುವಾರ, ಮಾರ್ಚ್ ೨೭

ಎತ್ತಲಿಲ್ಲ. ಅಂಗಡಿಯ ಮುಂದೆ ಹಾದು ಬಂದೆ. ಒಳಗೆ ಒಬ್ಬ ಮುದುಕನಿಗೆ ಕನ್ನಡಕ ಹಾಕಿ ನೋಡುತ್ತಿದ್ದಳು. ಬಿಸ್ಕತ್ತು ತಿಂದೇ ಮಲಗುತ್ತಿದ್ದಾಳೆ, ಗಲ್ಲ ಬತ್ತಿದೆ. ಒಳಗೆ ಹೋಗಲಿಲ್ಲ.

ಭಾನುವಾರ, ಏಪ್ರಿಲ್ ೨೦, ಈಸ್ಟರ್

ಚರ್ಚಿಗೆ ಹೋಗಲಿಲ್ಲ. ಸ್ಟೇಷನ್ನಿಗೆ ಹೋದೆ. ಗೆಂಟ್‌ಗೆ ಹೋಗುವ ರೈಲು ನಿಂತಿತ್ತು, ಬಾಗಿಲು ತೆರೆದಿತ್ತು. ದೂರದಿಂದ, ಸೇತುವೆಯ ಮೇಲಿಂದ ಬರೀ ಬೆನ್ನು ನೋಡಿಕೊಂಡು ಬಂದರೆ ಅವನಿಗೇನು ಗೊತ್ತಾಗುತ್ತದೆ ಎಂದುಕೊಂಡೆ. ಆದರೆ ನೋಡಿದರೆ ಕರೆಯುತ್ತೇನೆ. ನನ್ನ ಬಾಯಿ ನನಗೆ ಗೊತ್ತು. ಕರೆದರೆ ಅವನು ಆ ಊರನ್ನೂ ಬಿಡುತ್ತಾನೆ, ಆಮೇಲೆ ಎಲ್ಲಿದ್ದಾನೆಂಬುದೂ ಇರುವುದಿಲ್ಲ.

ರೈಲು ಹೊರಡುವ ತನಕ ನಿಂತಿದ್ದು ಮನೆಗೆ ಬಂದೆ.

ಶನಿವಾರ, ಮೇ ೩

ಬೆಳಿಗ್ಗೆ ಬಾಗಿಲು ಬಡಿದದ್ದು ಎಲ್ಕೆ. ಕೆಳಗೆ ವ್ಯಾನು ನಿಂತಿತ್ತು, ಅದರ ಪಕ್ಕದಲ್ಲಿ ಒಬ್ಬ ಎತ್ತರದ ಮನುಷ್ಯ ತಲೆ ತಗ್ಗಿಸಿಕೊಂಡು ನಿಂತಿದ್ದ. ಕೂನ್ ಇರಬೇಕು. ಮೇಲಕ್ಕೆ ಬಾ ಎಂದು ಕೈ ಮಾಡಿದೆ, ಬರಲಿಲ್ಲ. ನಾಚಿಕೆಯ ಮನುಷ್ಯ, ಪರವಾಗಿಲ್ಲ.

ಲ್ಯೂವೆನ್‌ಗೆ ಹೋಗುತ್ತಿದ್ದಾಳೆ. ಅಲ್ಲೇ ಒಂದು ಅಂಗಡಿಯಲ್ಲಿ ಕೆಲಸ ಸಿಕ್ಕಿದೆಯಂತೆ. ಬೇರೆ ಮನೆ, ಸದ್ಯಕ್ಕೆ ಒಬ್ಬಳೇ ಇರುತ್ತಾಳಂತೆ. ವಕೀಲರನ್ನೂ ನೋಡಿದ್ದಾಳೆ. ಇದನ್ನೆಲ್ಲ ನಿಂತುಕೊಂಡೇ ಹೇಳಿದಳು. ಆಮೇಲೆ ಕೂತಳು.

"ನಿಮ್ಮ ಮೇಲೆ ತುಂಬ ಸಿಟ್ಟಿತ್ತು."

"ಇರಲಿ."

"ಈಗಲೂ ಇದೆ."

"ಇರಲಿ ಬಿಡು."

"ಅವನ ಬ್ರಷ್ಷು ಎಸೆದೆ," ಎಂದಳು, ಆಗ ಅತ್ತಳು. ತಲೆ ಸವರಿದೆ. ಈ ಸಲ ಕೊಡವಲಿಲ್ಲ. ತಲೆಯಲ್ಲಿ ಅವಳಿಗೂ ನರೆ ಶುರುವಾಗಿದೆ.

ಕಾಫಿ ಕುಡಿದಳು. ಎರಡು ಮೊಟ್ಟೆ ಬೇಯಿಸಿ ಕೊಟ್ಟೆ, ಬೇಡ ಬೇಡ ಎನ್ನುತ್ತಲೇ ತಿಂದಳು. ಹೊರಡುವಾಗ ಮೆಟ್ಟಿಲಲ್ಲಿ ನಿಂತು, "ಕಾಗದಪತ್ರ ಎಲ್ಲ ಮುಗಿದ ಮೇಲೆ ನಿಮ್ಮನ್ನ ಏನಂತ ಕರೀಲಿ?" ಎಂದು ಕೇಳಿದಳು.

"ಅತ್ತೆ ಅಂತಾನೇ ಕರಿ. ನನ್ನನ್ನ ಹಾಗೆ ಇನ್ಯಾರು ಕರೀತಾರೆ?"

"ಭಾನುವಾರ ಬರ್ತೀನಿ ಅತ್ತೆ."

"ಪ್ರತಿ ಭಾನುವಾರ ಬೇಡ. ಆದಾಗ ಬಾ."

ಕಿಟಕಿಯಿಂದ ನೋಡಿದೆ. ವ್ಯಾನು ಮೂಲೆ ತಿರುಗುವ ತನಕ ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿಕೊಂಡೇ ಇದ್ದಳು.

ಒಂದೆರಡು ಭಾನುವಾರ ಬರುತ್ತಾಳೆ. ಆಮೇಲೆ ಏನಾದರೊಂದು ಕೆಲಸ ಬರುತ್ತದೆ, ತಿಂಗಳಿಗೊಂದು ಫೋನಾಗುತ್ತದೆ, ಹೊಸ ವರ್ಷಕ್ಕೊಂದು ಕಾರ್ಡು. ಹಾಗೇ ಆಗಲಿ. ಬಾರದಿದ್ದರೆ ಅಲ್ಲಿ ಅವಳಿಗೆ ಸುಖವಾಗಿದೆ ಎಂದು ತಿಳಿಯಬೇಕು. ಅವನ ಸುದ್ದಿ ಬಾರದಿದ್ದರೆ ಅವನ ಉಸಿರು ಸರಿಯಾಗಿ ಆಡುತ್ತಿದೆ ಎಂದು ತಿಳಿಯಬೇಕು. ನನ್ನ ಇಬ್ಬರು ಮಕ್ಕಳೂ ಚೆನ್ನಾಗಿದ್ದಷ್ಟು ಕಾಲ ಈ ಬಾಗಿಲನ್ನು ಯಾರೂ ಬಡಿಯುವುದಿಲ್ಲ.